ಕಲ್ಯಾಣದ ಚದುರಂಗ, ಗಗನನೌಕೆಯ ಆಟ

ಮಗ ಮೊಬೈಲ್ ಹಿಡಿದು ಕೂತರೆ ಊಟದ ಪರಿವೆಯಿಲ್ಲ, ನಮಾಝಿನ ಪರಿವೆಯಿಲ್ಲ ಎಂಬ ದೂರು ಇಂದು ಮನೆಮನೆಯಲ್ಲೂ ಕೇಳಿಬರುತ್ತದೆ. ಪಟ್ಟಣಗಳ ಮಾತಿರಲಿ, ಹುಮನಾಬಾದ್ ತಾಲೂಕಿನ ಹುಡಗಿಯಂಥ ಊರುಗಳೂ ಇದಕ್ಕೆ ಹೊರತಲ್ಲ. ಈ ಆಟಗಳಲ್ಲಿ ಒಂದು ಬಗೆ ಹಿರಿಯರಿಗೆ ಅರ್ಥವೇ ಆಗದಂಥದ್ದು. ಅಲ್ಲಿ ಆಡುವವನು ಬಾಹ್ಯಾಕಾಶ ನೌಕೆಯನ್ನು ತಾನೇ ಕಟ್ಟಬೇಕು. ಎಂಜಿನ್ ಎಲ್ಲಿರಬೇಕು, ಇಂಧನ ಎಷ್ಟು ಬೇಕು, ಕವಚ ಹೆಚ್ಚಿಸಿದರೆ ವೇಗ ಎಷ್ಟು ಕುಗ್ಗುತ್ತದೆ ಎಂದೆಲ್ಲ ಲೆಕ್ಕ ಹಾಕಬೇಕು. ಗಂಟೆಗಟ್ಟಲೆ ಕಟ್ಟಿದ್ದು ಕ್ಷಣದಲ್ಲಿ ಸಿಡಿದು ಚೂರಾದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಇಷ್ಟು ಶ್ರಮಪಟ್ಟು ಅವನು ಪಡೆಯುವುದಾದರೂ ಏನನ್ನು?

ಈ ಪ್ರಶ್ನೆ ಹೊಸದಲ್ಲ. ನೆರೆಯ ಬಸವಕಲ್ಯಾಣದಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಆಟದ ಬಗ್ಗೆ ಗಂಭೀರವಾಗಿ ಯೋಚಿಸಿದವರಿದ್ದರು.

ಕಲ್ಯಾಣದ ಇಬ್ಬರು

ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಬೃಹತ್ ಗ್ರಂಥವನ್ನು ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿರುವ ಇದು ಒಂದು ವಿಶ್ವಕೋಶವೇ ಸರಿ. ರಾಜ್ಯವನ್ನು ಪಡೆಯುವ ಬಗೆ, ಉಳಿಸಿಕೊಳ್ಳುವ ಬಗೆ, ಅಡುಗೆ, ಸಂಗೀತ, ಆನೆ ಕುದುರೆಗಳು ಎಲ್ಲವೂ ಇದರಲ್ಲಿವೆ. ಕೊನೆಯ ಭಾಗ ಪೂರ್ತಿ ಕ್ರೀಡೆಗಳಿಗೆ ಮೀಸಲು. ಪಗಡೆ, ಕವಡೆಯಾಟಗಳ ಜೊತೆಗೆ ಚತುರಂಗದ ವಿವರವೂ ಅಲ್ಲಿದೆ. ಕಾಲಾಳು, ಕುದುರೆ, ಆನೆ, ರಥಗಳ ಸೈನ್ಯವನ್ನು ಮಣೆಯ ಮೇಲೆ ನಡೆಸುವ ಈ ಆಟದ ಬಗ್ಗೆ ಭಾರತದಲ್ಲಿ ಸಿಗುವ ಹಳೆಯ ವಿವರಣೆಗಳಲ್ಲಿ ಅದೂ ಒಂದು.

ನಿಜವಾದ ಆನೆ, ಕುದುರೆ, ಕಾಲಾಳುಗಳನ್ನು ಹೊಂದಿದ್ದ ದೊರೆಗೆ ಮರದ ಕಾಯಿಗಳು ಏಕೆ ಬೇಕಾದವು? ರಣರಂಗದಲ್ಲಿ ಮಳೆಯಿದೆ, ರೋಗವಿದೆ, ದ್ರೋಹವಿದೆ. ಎಷ್ಟು ಯೋಚಿಸಿದರೂ ಫಲ ಕೈಯಲ್ಲಿಲ್ಲ. ಮಣೆಯ ಮೇಲಾದರೋ ಇಬ್ಬರಿಗೂ ಸಮಾನ ಬಲ, ಇಬ್ಬರಿಗೂ ಒಂದೇ ನಿಯಮ. ಯೋಚಿಸಿದವನಿಗೆ ಯೋಚನೆಯ ಫಲ ಸಿಗುತ್ತದೆ.

ಅದೇ ಕಲ್ಯಾಣದಲ್ಲಿ ಸೋಮೇಶ್ವರನ ತಂದೆಯ ಕಾಲಕ್ಕೆ ವಿಜ್ಞಾನೇಶ್ವರನಿದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ‘ಮಿತಾಕ್ಷರ’ ವ್ಯಾಖ್ಯಾನ ಹಿಂದೂ ಕಾನೂನಿನ ಚರಿತ್ರೆಯಲ್ಲಿ ಪ್ರಸಿದ್ಧ. ಆ ಸ್ಮೃತಿಯಲ್ಲಿ ಜೂಜಿಗೇ ಒಂದು ಪ್ರಕರಣವಿದೆ. ಜೂಜುಕಟ್ಟೆ ಒಬ್ಬ ಮುಖ್ಯಸ್ಥನ ಹೊಣೆಯಲ್ಲಿರಬೇಕು, ಅವನು ಅರಸನಿಗೆ ಪಾಲು ಕೊಡಬೇಕು, ಕಳ್ಳರನ್ನು ಪತ್ತೆಹಚ್ಚಲು ಇದರಿಂದ ಅನುಕೂಲ ಎಂಬುದು ಅದರ ಧೋರಣೆ. ಅಂದರೆ ಆಟ ಮನಸ್ಸಿಗೆ ಉಲ್ಲಾಸ ಕೊಡುತ್ತದೆ ಎಂಬುದನ್ನೂ, ಆಟಕ್ಕೆ ಹಣ ಬಂದು ಸೇರಿದರೆ ಅದು ರಾಜ್ಯದ ಸಮಸ್ಯೆಯಾಗುತ್ತದೆ ಎಂಬುದನ್ನೂ ಕಲ್ಯಾಣದ ವಿದ್ವಾಂಸರು ಬಲ್ಲವರಾಗಿದ್ದರು.

ಬಗ್ದಾದಿನ ಚರ್ಚೆ

ಚತುರಂಗ ಅದಕ್ಕೂ ಎಷ್ಟೋ ಮೊದಲೇ ಪಶ್ಚಿಮಕ್ಕೆ ಪ್ರಯಾಣ ಹೊರಟಿತ್ತು. ಪರ್ಷಿಯದಲ್ಲಿ ಅದು ‘ಚತ್ರಂಗ್’ ಆಯಿತು, ಅರಬರಲ್ಲಿ ‘ಶತ್ರಂಜ್’ ಆಯಿತು. ಅಬ್ಬಾಸೀ ಖಲೀಫರ ಆಸ್ಥಾನದಲ್ಲಿ ಶ್ರೇಷ್ಠ ಆಟಗಾರರಿಗೆ ಗೌರವವಿತ್ತು. ಒಂಬತ್ತನೆಯ ಶತಮಾನದ ಅಲ್ ಅದ್ಲೀ, ಅವರ ನಂತರದ ಅಸ್ಸೂಲಿ ಈ ಆಟದ ಬಗ್ಗೆ ಗ್ರಂಥಗಳನ್ನೇ ಬರೆದರು. ಅಸ್ಸೂಲಿ ಬಿಟ್ಟುಹೋದ ಒಂದು ಸಮಸ್ಯೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಗೆಹರಿಯದೆ ಉಳಿದಿತ್ತು. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ, ನಾಲ್ವರು ದಾಳ ಉರುಳಿಸಿ ಆಡುವ ಇಲ್ಲಿನ ಚದುರಂಗವನ್ನು ದಾಖಲಿಸಿದ್ದಾರೆ.

ಆಡುವವನ ಮನಸ್ಸಿನ ಬಗ್ಗೆಯೂ ಚರ್ಚೆ ನಡೆಯಿತು. ದಾಳದ ‘ನರ್ದ್’ ಆಟ ವಿಧಿಯನ್ನು ನಂಬುವವನದು, ಶತ್ರಂಜ್ ಮನುಷ್ಯನ ಇಚ್ಛಾಸ್ವಾತಂತ್ರ್ಯವನ್ನು ನಂಬುವವನದು ಎಂಬ ಅಭಿಪ್ರಾಯವನ್ನು ಹತ್ತನೆಯ ಶತಮಾನದ ಇತಿಹಾಸಕಾರ ಅಲ್ ಮಸ್‌ಊದಿ ದಾಖಲಿಸಿದ್ದಾರೆ.

ಧರ್ಮವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ನರ್ದ್ ಆಟವನ್ನು ಹದೀಸ್ ಕಟುವಾಗಿ ಖಂಡಿಸಿದೆ. ಶತ್ರಂಜ್ ವಿಷಯದಲ್ಲಿ ಹೆಚ್ಚಿನ ಇಮಾಮರು ನಿಷೇಧದ ಪರವಾಗಿದ್ದರು. ಇಮಾಮ್ ಶಾಫಿಈ ಅದನ್ನು ಮಕ್ರೂಹ್ ಎಂದರೇ ಹೊರತು ಹರಾಂ ಎನ್ನಲಿಲ್ಲ. ಪಣ ಇರಬಾರದು, ನಮಾಝ್ ತಪ್ಪಬಾರದು, ಬಾಯಲ್ಲಿ ಕೆಟ್ಟ ಮಾತು ಬರಬಾರದು ಎಂಬ ಷರತ್ತುಗಳನ್ನು ಆ ಕಡೆಯ ವಿದ್ವಾಂಸರು ಒತ್ತಿ ಹೇಳಿದರು. ಆದರೆ ಇಬ್ನು ತೈಮಿಯ್ಯರ (1263-1328) ವಾದ ಬೇರೆ. ಪಣವಿಲ್ಲದಿದ್ದರೂ ಶತ್ರಂಜ್ ಮನಸ್ಸನ್ನು ನರ್ದ್‌ಗಿಂತ ಹೆಚ್ಚಾಗಿ ಸೆರೆಹಿಡಿಯುತ್ತದೆ ಎಂಬುದು ಅವರ ಆತಂಕ. ಇವರಲ್ಲಿ ಯಾರ ಮಾತನ್ನು ಒಪ್ಪಿದರೂ ಒಂದನ್ನು ಗಮನಿಸಬೇಕು. ಆಟದ ಸೆಳೆತ ಎಲ್ಲಿದೆ ಎಂದು ಅವರು ಕೇಳಿದ್ದರು. ಹಣದ ಆಸೆಗೆ ಆಡುವುದು ಬೇರೆ, ಬುದ್ಧಿಯ ರುಚಿಗೆ ಆಡುವುದು ಬೇರೆ, ಮತ್ತು ಆ ಎರಡನೆಯದಕ್ಕೂ ಅಪಾಯವಿದೆ ಎಂಬುದು ಅವರಿಗೆ ತಿಳಿದಿತ್ತು.

ರಾಜ್ಯ ಕಳೆದುಕೊಂಡ ಅರಸ

ನಮ್ಮ ನಾಡಿನ ಇನ್ನೊಂದು ಉದಾಹರಣೆ ಮೈಸೂರಿನದು. ನಗರದ ದಂಗೆಯ ನೆಪದಲ್ಲಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಿ ಸಿಗಲಿಲ್ಲ. ಈ ಅರಸರು ಹೊಸ ಹೊಸ ಮಣೆಯಾಟಗಳನ್ನೂ ಇಸ್ಪೀಟಿನಾಟಗಳನ್ನೂ ರೂಪಿಸಿದರು. ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು. ಅದೂ ಸಾಲದೆ, ಆ ನಡೆಗಳಿಗೆ ಅಂಕಿ ಹಾಕಿದರೆ ಅಡ್ಡಸಾಲು, ಉದ್ದಸಾಲುಗಳ ಮೊತ್ತ ಒಂದೇ ಬರುವಂತೆ ಹೊಂದಿಸಿದರು. ಆಳಲು ನಾಡಿಲ್ಲದ ಅರಸನಿಗೆ ಅರವತ್ನಾಲ್ಕು ಮನೆಗಳಲ್ಲಿ ತನ್ನ ಮಾತು ನಡೆಯುತ್ತಿತ್ತು ಎಂದು ನಮಗನ್ನಿಸುತ್ತದೆ.

ಇಂದಿನ ಆಟಗಾರ

ಮಣೆ ಪರದೆಯಾಗಿ ಬದಲಾದ ಮೇಲೂ ಪ್ರಶ್ನೆ ಅದೇ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಸ್ಪೇಸ್‌ವಾರ್’ ಎಂಬ ಕಂಪ್ಯೂಟರ್ ಆಟ ಬಂತು. ಎರಡು ನೌಕೆಗಳ ಕಾದಾಟ ಅದು. 1993ರ ‘ಮಾಸ್ಟರ್ ಆಫ್ ಓರಿಯನ್’ನಲ್ಲಿ ನೌಕೆಯ ವಿನ್ಯಾಸವೂ ಆಟಗಾರನ ಕೈಗೆ ಬಂತು. 2015ರಲ್ಲಿ ಪೂರ್ಣ ರೂಪ ಪಡೆದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ನಲ್ಲಿ ರಾಕೆಟ್ ಕಟ್ಟಿ ಕಕ್ಷೆಗೆ ಸೇರಿಸುವುದೇ ಆಟ. ಅಲ್ಲಿ ಸೋಲಿಸುವುದು ಶತ್ರುವಲ್ಲ, ಗುರುತ್ವಾಕರ್ಷಣೆ.

ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಸಾಧಿಸಬೇಕೆನ್ನುವವರು, ಹುಡುಕಿ ತಿಳಿಯಬೇಕೆನ್ನುವವರು, ಸ್ನೇಹಕ್ಕಾಗಿ ಬರುವವರು, ಇತರರನ್ನು ಮಣಿಸಲು ಬರುವವರು. ನೌಕೆ ಕಟ್ಟುವ ಆಟದಲ್ಲಿ ಈ ನಾಲ್ವರೂ ಸಿಗುತ್ತಾರೆ. ಒಬ್ಬನಿಗೆ ದೊಡ್ಡ ನೌಕಾಪಡೆ ಬೇಕು. ಇನ್ನೊಬ್ಬನಿಗೆ ಎಂಜಿನ್ ಹಿಂದುಮುಂದಾಗಿ ಜೋಡಿಸಿದರೆ ಏನಾದೀತೆಂಬ ಕುತೂಹಲ. ಮತ್ತೊಬ್ಬನಿಗೆ ಗೆಳೆಯರಿಗೆ ತೋರಿಸುವ ಸಂಭ್ರಮ. ಮಗದೊಬ್ಬನಿಗೆ ಕಂಡದ್ದನ್ನೆಲ್ಲ ಒಡೆಯುವ ಆಸೆ. ಇವರ ನಡುವೆ ಐದನೆಯವನೂ ಒಬ್ಬನಿದ್ದಾನೆ ಎನ್ನಬೇಕು. ಗೆಲ್ಲಲಿ ಬಿಡಲಿ, ತನ್ನ ಕೈಯಿಂದ ಒಂದು ವಸ್ತು ಸರಿಯಾಗಿ ಮೂಡಿಬರಬೇಕೆಂದು ಬಯಸುವವನು ಅವನು.

ಈ ಕೊನೆಯವನ ಬಗ್ಗೆ ನಾವು ಹೆಚ್ಚು ಯೋಚಿಸಬೇಕಾಗಿದೆ. ಓದಿಗೆ ತಕ್ಕ ಕೆಲಸವಿಲ್ಲ, ಶ್ರಮಕ್ಕೆ ತಕ್ಕ ಕೂಲಿಯಿಲ್ಲ, ಹೆಸರು ಕೇಳಿದೊಡನೆ ಮುಚ್ಚುವ ಬಾಗಿಲುಗಳಿವೆ. ಇಂಥ ಕಡೆ ಬೆಳೆದ ಹುಡುಗನಿಗೆ, ಲೆಕ್ಕ ಸರಿಯಾದರೆ ನೌಕೆ ಹಾರಿಯೇ ಹಾರುವ ಒಂದು ಲೋಕ ಹಿತವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ನಿಯಮ ಯಾರ ಮುಖವನ್ನೂ ನೋಡುವುದಿಲ್ಲ. ಆ ಲೋಕದಿಂದ ಅವನು ಹೊರಬರುವುದೇ ಇಲ್ಲವೆಂದಾದರೆ ಇಬ್ನು ತೈಮಿಯ್ಯರ ಆತಂಕ ನಿಜವಾಗುತ್ತದೆ. ಆದರೆ ಹೊರಗೆ ಬಂದಾಗ ಅವನಿಗಾಗಿ ನಾವು ಏನನ್ನು ಇಟ್ಟಿದ್ದೇವೆ?

ಹಣದ ಮಾತು ಬೇರೆಯೇ. ಅದರಲ್ಲಿ ರಿಯಾಯಿತಿ ಇರಕೂಡದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು, ಇ-ಸ್ಪೋರ್ಟ್ಸ್‌ಗೆ ಉತ್ತೇಜನ ನೀಡುವುದಾಗಿಯೂ ಹೇಳಿತು. ಪಣಕ್ಕೂ ಆಟಕ್ಕೂ ನಡುವೆ ಅದು ಎಳೆದ ಗೆರೆ ಹಳೆಯ ವಿದ್ವಾಂಸರಿಗೆ ಅಪರಿಚಿತವಲ್ಲ.

ಉಳಿದದ್ದು ಮನೆಯ ಮತ್ತು ಶಾಲೆಯ ಕೆಲಸ. ಪರದೆಯ ಮೇಲೆ ರಾಕೆಟ್ ಕಟ್ಟುವ ಹುಡುಗನಿಗೆ ಭೌತಶಾಸ್ತ್ರದ ಪಾಠ ಅರ್ಧ ತಲುಪಿಯೇ ಇರುತ್ತದೆ. ಉಳಿದರ್ಧವನ್ನು ತಲುಪಿಸಲು ನಮ್ಮ ಊರಿನ ಶಾಲೆಗಳಲ್ಲಿ ಒಂದು ಪ್ರಯೋಗಾಲಯ, ಒಂದು ಗ್ರಂಥಾಲಯ, ಸಂಜೆಗೆ ನಾಲ್ಕು ಚದುರಂಗದ ಮಣೆ ಬೇಕು. ಮೊಬೈಲ್ ಕಸಿದುಕೊಳ್ಳುವ ಮೊದಲು ಒಂದು ಸಂಜೆ ಅವನ ಪಕ್ಕದಲ್ಲಿ ಕೂತು, ನೌಕೆ ಏಕೆ ಸಿಡಿಯಿತೆಂದು ವಿಚಾರಿಸೋಣ. ಅವನ ಉತ್ತರದಲ್ಲಿ ನಾವು ಮುಂದೇನು ಮಾಡಬೇಕೆಂಬ ಸುಳಿವೂ ಸಿಕ್ಕೀತು.