ಕ್ಷೌರಿಕನ ಆಯ ಮತ್ತು ಇನಾಮು

ಭಟ್ಕಳ ತಾಲೂಕಿನಲ್ಲಿ ಮುರ್ಡೇಶ್ವರದ ನೆರೆಗಿರುವ ಕಾಯ್ಕಿಣಿಯಂತಹ ಊರುಗಳಲ್ಲಿಯೂ ಇಂದು ಕ್ಷೌರವೆಂಬುದು ಅಂಗಡಿಯ ವ್ಯವಹಾರವಾಗಿದೆ. ಗೊತ್ತಾದ ದರವನ್ನು ಕೊಟ್ಟ ಬಳಿಕ ಉಳಿದ ಚಿಲ್ಲರೆಯನ್ನು ಹಿಂದಕ್ಕೆ ಪಡೆಯಬೇಕೋ ಬಿಟ್ಟುಬರಬೇಕೋ ಎಂಬ ಸಂಕೋಚ ಗಿರಾಕಿಗೆ ಆಗಾಗ ಉಂಟಾಗುತ್ತದೆ. ಈ ಹೆಚ್ಚಿನ ಹಣಕ್ಕೆ ಇನಾಮು, ಭಕ್ಷೀಸು, ಟಿಪ್ಸು ಎಂಬ ಹೆಸರುಗಳುಂಟು. ಮೊದಲನೆಯದು ಅರಬ್ಬಿಯಿಂದ, ಎರಡನೆಯದು ಪಾರಸಿಯಿಂದ, ಮೂರನೆಯದು ಇಂಗ್ಲಿಷಿನಿಂದ ಬಂದದ್ದು. ಹೆಸರುಗಳು ಹೊರಗಿನವಾದುದರಿಂದ ಆಚಾರವೂ ಹೊರಗಿನದೆಂದು ಭಾವಿಸುವುದು ಸಲ್ಲದು. ನಮಗೆ ತೋರುವಂತೆ ಬದಲಾದುದು ಕೊಡುಗೆಯಲ್ಲ, ಅದರ ಸ್ವರೂಪ. ಹಿಂದೆ ಹಕ್ಕಾಗಿದ್ದುದು ಈಗ ದಯೆಯಾಗಿದೆ.

ಬಯಲುಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಕ್ಷೌರಿಕನು ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನು. ಕಣದಲ್ಲಿ ರಾಶಿಯಾದ ಧಾನ್ಯದಲ್ಲಿ ಅವನಿಗೊಂದು ಪಾಲು ಗೊತ್ತಾಗಿತ್ತು. 1800-01ರಲ್ಲಿ ಮೈಸೂರು, ಕನ್ನಡ ಸೀಮೆಗಳಲ್ಲಿ ಸಂಚರಿಸಿದ ಬುಕಾನನ್, ಸರಕಾರವೂ ರೈತನೂ ರಾಶಿಯನ್ನು ಹಂಚಿಕೊಳ್ಳುವ ಮೊದಲೇ ಇಂತಹ ಪಾಲುಗಳನ್ನು ತೆಗೆದಿಡುತ್ತಿದ್ದುದನ್ನು ವರ್ಣಿಸಿದ್ದಾನೆ. ಕರಾವಳಿಯಲ್ಲಿ ಮನೆಗಳು ತೋಟಗದ್ದೆಗಳ ನಡುವೆ ಚದುರಿರುವುದರಿಂದ ಊರೊಟ್ಟಿನ ಕಣಕ್ಕಿಂತ ಮನೆಮನೆಯ ಸಂಬಂಧವೇ ಮುಖ್ಯ. ನಿತ್ಯದ ಕ್ಷೌರಕ್ಕೆ ವರ್ಷಾಶನದ ಭತ್ತ. ಚೌಲ, ಉಪನಯನ, ಮದುವೆ, ಉತ್ತರಕ್ರಿಯೆಗಳಲ್ಲಿ ಅಕ್ಕಿ, ತೆಂಗಿನಕಾಯಿ, ವೀಳ್ಯ, ಕಾಸು. ಈ ಎರಡನೆಯ ಬಗೆಯೇ ಇಂದಿನ ಇನಾಮಿನ ಪೂರ್ವರೂಪವೆನ್ನಬಹುದು. ಆದರೆ ಅದನ್ನು ತಪ್ಪಿಸುವ ಸ್ವಾತಂತ್ರ್ಯ ಯಜಮಾನನಿಗಿರಲಿಲ್ಲ. ಕರೆದಾಗ ಬಾರದಿರುವ ಸ್ವಾತಂತ್ರ್ಯ ಕ್ಷೌರಿಕನಿಗೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಹಳೆಯ ವ್ಯವಸ್ಥೆಯನ್ನು ಹೊಗಳುವವರು ಸಾಮಾನ್ಯವಾಗಿ ಈ ಎರಡನೆಯ ಮಾತನ್ನು ಬಿಟ್ಟುಬಿಡುತ್ತಾರೆ.

ದಯೆಯು ಹಕ್ಕಾಗಿ ಮಾರ್ಪಟ್ಟ ಒಂದು ಪ್ರಸಂಗ ವಿಜಯನಗರದ ಇತಿಹಾಸದಲ್ಲಿದೆ. ಸದಾಶಿವರಾಯನ ಆಳಿಕೆಯಲ್ಲಿ, 1540ರ ದಶಕದಲ್ಲಿ, ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿದನು. ಆ ಮೆಚ್ಚುಗೆಯ ಫಲವಾಗಿ ಕ್ಷೌರಿಕರ ಮೇಲಿನ ತೆರಿಗೆ, ಬಿಟ್ಟಿ, ಬಿರಾಡ ಮುಂತಾದವು ಮನ್ನಾ ಆದವು. ಬಾದಾಮಿ, ಚಿತ್ರದುರ್ಗ ಮೊದಲಾದ ಸೀಮೆಗಳ ಶಾಸನಗಳು ಇದನ್ನು ಸಾರುತ್ತವೆ. ಅರಸರು ಮೆಚ್ಚಿದ ಸೇವಕನಿಗೆ ಹೊನ್ನನ್ನೋ ಭೂಮಿಯನ್ನೋ ಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಇಲ್ಲಿಯ ವಿಶೇಷವೆಂದರೆ ಒಬ್ಬನ ಕೈಚಳಕಕ್ಕೆ ದೊರೆತ ಮೆಚ್ಚು ಸಮುದಾಯಕ್ಕೆಲ್ಲ ಹಂಚಿಹೋದುದು, ಕಲ್ಲಿನಲ್ಲಿ ಬರೆಯಿಸಲ್ಪಟ್ಟುದರಿಂದ ಊರ ಗೌಡನೂ ಸುಂಕದವನೂ ಮೀರಲಾಗದ ಕಟ್ಟಳೆಯಾದುದು. ಒಡೆಯನ ಮರ್ಜಿಯಲ್ಲಿ ಹುಟ್ಟಿದರೂ ಅದು ಮರ್ಜಿಯಾಗಿ ಉಳಿಯಲಿಲ್ಲ.

ಅಂಗಡಿಯು ಬಂದಾಗ ನಡೆದುದು ಇದಕ್ಕೆ ವಿಲೋಮವಾದುದು. ನಗದು ದರವು ವರ್ಷಾಶನವನ್ನು ತೊಡೆದುಹಾಕಿತು. ಕ್ಷೌರಿಕನು ಮನೆಬಾಗಿಲಲ್ಲಿ ಕಾಯುವುದು ತಪ್ಪಿ, ಗಿರಾಕಿಯೇ ಅವನ ಸರದಿಗೆ ಕಾಯುವಂತಾಯಿತು. ಇದು ಸಣ್ಣ ಬಿಡುಗಡೆಯಲ್ಲ. ಆದರೆ ದರದ ಮೇಲಿನ ಕಾಸಿಗೆ ಈಗ ಯಾವ ಕಟ್ಟಳೆಯೂ ಇಲ್ಲ. ಅಂಗಡಿಯ ಒಡೆಯನೇ ಕತ್ತರಿ ಹಿಡಿದಿದ್ದರೆ ಕೊಡಲು ಸಂಕೋಚ, ಸಂಬಳದ ಕೆಲಸಗಾರನಾದರೆ ಕೊಡದಿರಲು ಸಂಕೋಚ. ಕೊಟ್ಟುದು ಅವನ ಜೇಬಿಗೋ ಗಲ್ಲಾಪೆಟ್ಟಿಗೆಗೋ ಎಂಬುದು ಆಯಾ ಅಂಗಡಿಯ ಒಳಗಣ ವಿಷಯ. ಇತ್ತ ಮನೆಯಲ್ಲಿ ಮಗುವಿನ ಚೌಲಕ್ಕೆಂದು ಅದೇ ಕ್ಷೌರಿಕನನ್ನು ಕರೆಸಿದರೆ, ಹರಿವಾಣದಲ್ಲಿ ಅಕ್ಕಿ, ಕಾಯಿ, ವೀಳ್ಯಗಳ ಮೇಲೆ ಹಣವನ್ನಿಟ್ಟು ಮುಂದಿಡುತ್ತಾರೆ. ಆಗ ದರವೆಷ್ಟೆಂದು ಕೇಳುವ ರೂಢಿಯಿಲ್ಲ.