ಎಣಿಕೆಯ ಭಾಷೆ ಮತ್ತು ನೆನಪಿನ ಅಳತೆ: ಹಿಂದೂಪುರ, ಕಲ್ಯಾಣದುರ್ಗದ ದ್ವಿಭಾಷಿಕರನ್ನು ಕುರಿತು

ಕೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ತಿರುಗಿ ಹೇಳಿಸುವ ಪರೀಕ್ಷೆ ಮಕ್ಕಳ ಬುದ್ಧಿಮಾಪನದಲ್ಲೂ ವೃದ್ಧರ ಮರೆವಿನ ತಪಾಸಣೆಯಲ್ಲೂ ಬಳಕೆಯಲ್ಲಿದೆ. ಅಂಕಿಗೆ ಭಾಷೆಯ ಹಂಗಿಲ್ಲವೆಂಬ ನಂಬಿಕೆ ಅದರ ಹಿಂದಿದೆ. ಕನ್ನಡ, ತೆಲುಗು ಎರಡೂ ನಾಲಗೆಯ ಮೇಲಿರುವ ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಈ ನಂಬಿಕೆ ನಿಲ್ಲದು ಎಂಬುದು ನನ್ನ ವಾದ.

ತತ್‌ಕ್ಷಣದ ನೆನಪು ಏಳರ ಆಸುಪಾಸಿನಷ್ಟು ಘಟಕಗಳನ್ನು ಹಿಡಿಯುತ್ತದೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಸಂಜ್ಞಾನಾತ್ಮಕ ಮನೋವಿಜ್ಞಾನಕ್ಕೆ ಬುನಾದಿ ಹಾಕಿದ ಬರಹಗಳಲ್ಲಿ ಅದೂ ಒಂದು. ಎಣಿಕೆಯಷ್ಟೇ ಅಲ್ಲ, ಉಚ್ಚಾರಕ್ಕೆ ಹಿಡಿಯುವ ಕಾಲವೂ ಮುಖ್ಯವೆಂದು ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು: ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಮಾತ್ರ ಉಳಿಯುತ್ತದೆ. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ವೇಲ್ಸ್‌ನ ದ್ವಿಭಾಷಿಕರನ್ನು ಪರೀಕ್ಷಿಸಿದರು. ವೆಲ್ಷ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು. ಅದೇ ಜನ ಇಂಗ್ಲಿಷಿನಲ್ಲಿ ಹೆಚ್ಚು ಅಂಕಿಗಳನ್ನು ನೆನಪಿಟ್ಟರು. ಒಳಗೊಳಗೇ ಹೇಳಿಕೊಳ್ಳದಂತೆ ತಡೆದಾಗ ಆ ಅಂತರ ಉಳಿಯಲಿಲ್ಲ.

ಇದನ್ನು ನಮ್ಮ ಗಡಿಗೆ ತಂದು ನೋಡೋಣ. ಕನ್ನಡದ ‘ಎಂಟು’ ಎರಡಕ್ಷರ, ತೆಲುಗಿನ ‘ಎನಿಮಿದಿ’ ನಾಲ್ಕು. ‘ಒಂದು’ ಎರಡು, ‘ಒಕಟಿ’ ಮೂರು. ‘ಎರಡು’ ಮಾತ್ರ ‘ರೆಂಡು’ವಿಗಿಂತ ಉದ್ದ. ‘ಐದು’, ‘ಆರು’ ಎರಡರಲ್ಲೂ ಒಂದೇ. ಒಂದರಿಂದ ಒಂಬತ್ತರವರೆಗೆ ಕೂಡಿದರೆ ಕನ್ನಡದಲ್ಲಿ 20 ಅಕ್ಷರ, ತೆಲುಗಿನಲ್ಲಿ 23. ಆಡುನುಡಿಯಲ್ಲಿ ಕೆಲವು ಸ್ವರಗಳು ಜಾರುವುದರಿಂದ ಗಡಿಯಾರ ಹಿಡಿದೇ ಅಳೆಯಬೇಕು. ಆದರೂ ಸಿದ್ಧಾಂತ ಸರಿಯಿದ್ದರೆ ಕನ್ನಡಕ್ಕೆ ತುಸು ಅನುಕೂಲ ಕಾಣಬೇಕು.

ತೊಡಕು ಇರುವುದು ರೂಢಿಯಲ್ಲಿ. ಮನೆಯಲ್ಲಿ ಕನ್ನಡವಾಡಿ ತೆಲುಗು ಮಾಧ್ಯಮದಲ್ಲಿ ಮಗ್ಗಿ ಬಾಯಿಪಾಠ ಮಾಡಿದ ಮಗುವಿಗೆ ಲೆಕ್ಕ ಬರುವುದು ತೆಲುಗಿನಲ್ಲೇ. ಮೊಬೈಲ್ ನಂಬರನ್ನು ಇಂಗ್ಲಿಷಿನಲ್ಲಿ ಹೇಳುವವರೂ ಅನೇಕರು. ಇಂಥ ಮಗುವಿಗೆ ‘ಮಾತೃಭಾಷೆ ಕನ್ನಡ’ ಎಂಬ ಕಾರಣಕ್ಕೇ ಕನ್ನಡದಲ್ಲಿ ಅಂಕಿ ಕೊಟ್ಟು, ಬಂದ ಅಂಕವನ್ನು ಬುದ್ಧಿಯ ಕೊರತೆ ಎಂದು ಬರೆಯುವುದು ಅನ್ಯಾಯ.

ಎರಡು ಭಾಷೆ ಮಿದುಳಿಗೆ ಹೊರೆ ಎನ್ನುವವರು ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಡಿಮೆನ್ಶಿಯಾದ 648 ರೋಗಿಗಳಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತ್ತು. ಓದುಬರಹ ಬಾರದವರಲ್ಲೂ ಈ ಅಂತರವಿತ್ತು.

ಆದ್ದರಿಂದ ಇಲ್ಲಿನ ಪರೀಕ್ಷಕರು ಮೊದಲು ಹತ್ತು ರೂಪಾಯಿಯ ನಾಣ್ಯಗಳನ್ನು ಕೊಟ್ಟು ಗಟ್ಟಿಯಾಗಿ ಎಣಿಸಲು ಹೇಳಲಿ, ಯಾವ ಭಾಷೆಯಲ್ಲಿ ಎಣಿಸಬೇಕೆಂದು ಸೂಚಿಸದಿರಲಿ. ಬಳಿಕ ಎರಡೂ ಭಾಷೆಯಲ್ಲಿ, ಬೇರೆ ಬೇರೆ ದಿನ, ಅಂಕಿ ಕೊಟ್ಟು ಉಚ್ಚಾರದ ಕಾಲವನ್ನೂ ಅಂಕದ ಪಕ್ಕದಲ್ಲೇ ದಾಖಲಿಸಲಿ.