ಹಳೆಯ ಅಮೆರಿಕನ್ ಮೋಟರ್‌ಹೋಮ್‌ಗಳ ಇಂಧನ ಮಾಪಕ: ಚಾಸಿಯ ಇಸವಿ, ರೋಧ ಶ್ರೇಣಿ, ಅರ್ತ್ ದೋಷ

1. ವ್ಯಾಪ್ತಿ ಮತ್ತು ಪರಿಭಾಷೆ

1970 ಮತ್ತು 1980ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ ಪೆಟ್ರೋಲ್ ಮೋಟರ್‌ಹೋಮ್‌ಗಳಲ್ಲಿ ಇಂಧನ ಮಾಪಕ ತಪ್ಪು ತೋರಿಸುವುದು ಸಾಮಾನ್ಯ ದೂರು. ಅದರ ವಿದ್ಯುತ್ ಕಾರಣಗಳನ್ನಷ್ಟೇ ಇಲ್ಲಿ ಪರಿಶೀಲಿಸಲಾಗಿದೆ. ಪರಿಗಣಿಸಿರುವ ಚಾಸಿಗಳು ಮೂರು: ಡಾಡ್ಜ್ ಎಂ ಸರಣಿ, ಷೆವರ್ಲೆ ಪಿ-30 ಮತ್ತು ಫೋರ್ಡ್ ಇ-350.

ಡ್ಯಾಶ್‌ಬೋರ್ಡಿನಲ್ಲಿರುವುದನ್ನು ‘ಮಾಪಕ’ ಎಂದೂ, ಟ್ಯಾಂಕಿನೊಳಗೆ ಫ್ಲೋಟಿನ ಜೊತೆ ಏರಿಳಿದು ರೋಧ ಬದಲಿಸುವ ಭಾಗವನ್ನು ‘ಟ್ಯಾಂಕ್ ಯೂನಿಟ್’ ಎಂದೂ, ಅಲ್ಲಿಂದ ಬ್ಯಾಟರಿಯ ಋಣ ಧ್ರುವಕ್ಕೆ ವಿದ್ಯುತ್ ಮರಳುವ ದಾರಿಯನ್ನು ‘ಅರ್ತ್’ ಎಂದೂ ಕರೆಯಲಾಗಿದೆ. ಮಂಡಿಸುವ ವಾದ ಸೀಮಿತವಾದದ್ದು: ಈ ವಾಹನಗಳಲ್ಲಿ ಮುಳ್ಳು ಎಲ್ಲಿ ನಿಂತಿದೆ ಎಂಬುದರಿಂದ ದೋಷ ಯಾವುದೆಂದು ಹೇಳಲಾಗದು, ಚಾಸಿ ಯಾರದು, ಯಾವ ಇಸವಿಯದು ಎಂಬುದು ಮೊದಲು ಖಚಿತವಾಗಬೇಕು.

2. ಇಸವಿಯ ವ್ಯತ್ಯಾಸ

ಇವುಗಳಲ್ಲಿ ಹೆಚ್ಚಿನವು ಎರಡು ಹಂತಗಳಲ್ಲಿ ತಯಾರಾದವು. ವಾಹನ ಕಂಪನಿ ಎಂಜಿನ್, ಚಾಸಿ, ಇಂಧನ ವ್ಯವಸ್ಥೆ ಮತ್ತು ಡ್ಯಾಶ್‌ಬೋರ್ಡಿನ ಮಾಪಕಗಳನ್ನು ಒದಗಿಸುತ್ತಿತ್ತು. ಅಯೋವಾದ ಫಾರೆಸ್ಟ್ ಸಿಟಿಯ ವಿನೆಬೇಗೊದಂತಹ ಸಂಸ್ಥೆಗಳು ಅದರ ಮೇಲೆ ಮನೆಯ ಭಾಗವನ್ನು ಕಟ್ಟುತ್ತಿದ್ದವು. ಎರಡನೆಯ ಹಂತ ತಿಂಗಳುಗಟ್ಟಲೆ ತಡವಾಗುವುದು ಸಾಧ್ಯವಿದ್ದುದರಿಂದ, 1987ರದೆಂದು ನೋಂದಣಿಯಾದ ವಾಹನದ ಕೆಳಗೆ 1986ರ ಚಾಸಿ ಇರುವುದು ಅಸಹಜವಲ್ಲ. ಬಿಡಿಭಾಗಗಳನ್ನು ನೋಂದಣಿಯ ಇಸವಿ ನೋಡಿ ತರಿಸಿದರೆ ಮಾಪಕ ಮತ್ತು ಟ್ಯಾಂಕ್ ಯೂನಿಟ್ ಬೇರೆ ಬೇರೆ ಶ್ರೇಣಿಗಳಿಗೆ ಸೇರಿದವಾಗಬಹುದು.

ಪರಿಶೀಲನೆಗೆ ಎರಡು ಆಧಾರಗಳಿವೆ. ಮೊದಲನೆಯದು 1981ರ ಮಾದರಿಯಿಂದ ಜಾರಿಗೆ ಬಂದ 17 ಅಕ್ಷರಗಳ ವಾಹನ ಗುರುತು ಸಂಖ್ಯೆ. ಇದರ 10ನೆಯ ಅಕ್ಷರ ಮಾದರಿ ವರ್ಷವನ್ನು ಸೂಚಿಸುತ್ತದೆ: ‘ಜಿ’ ಎಂದರೆ 1986, ‘ಎಚ್’ ಎಂದರೆ 1987, ‘ಜೆ’ ಎಂದರೆ 1988. ಎರಡನೆಯದು, ಚಾಸಿ ಕಂಪನಿಯೂ ಕೊನೆಯ ಹಂತದ ತಯಾರಕರೂ ಪ್ರತ್ಯೇಕವಾಗಿ ಅಂಟಿಸಿದ ಪಟ್ಟಿಗಳು. ಇವುಗಳ ದಿನಾಂಕಗಳು ಹೊಂದದಿದ್ದರೆ ಇಂಧನ ಮಾಪಕದ ಮಟ್ಟಿಗೆ ಚಾಸಿಯ ದಿನಾಂಕವನ್ನೇ ಗಣಿಸಬೇಕು.

1973ರಿಂದ 1978ರವರೆಗೆ ತಯಾರಾದ ಜಿಎಂಸಿ ಮೋಟರ್‌ಹೋಮ್ ಇದಕ್ಕೆ ಅಪವಾದ. ಅದರ ಚಾಸಿ, ಬಾಡಿ ಎರಡೂ ಒಂದೇ ಕಂಪನಿಯವು. ಆದರೂ ಒಳಾಂಗಣವಿಲ್ಲದ ಖಾಲಿ ಬಾಡಿಗಳನ್ನು ಬೇರೆ ಸಂಸ್ಥೆಗಳಿಗೆ ಮಾರಿದ್ದೂ ಉಂಟು; ಅಂಥವುಗಳಲ್ಲಿ ನಂತರ ಸೇರಿಸಿದ ವೈರಿಂಗನ್ನು ಮೂಲ ನಕ್ಷೆಯಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ.

3. ಮೂರು ರೋಧ ಶ್ರೇಣಿಗಳು

ಬಳಕೆಯಲ್ಲಿರುವ ಕೋಷ್ಟಕಗಳ ಪ್ರಕಾರ ನಾಮಮಾತ್ರ ಮೌಲ್ಯಗಳು ಹೀಗಿವೆ.

(ಅ) ಷೆವರ್ಲೆಯನ್ನೂ ಒಳಗೊಂಡ ಜನರಲ್ ಮೋಟರ್ಸ್, ಸುಮಾರು 1965ರಿಂದ 1990ರ ದಶಕದ ಕೊನೆಯ ಭಾಗದವರೆಗೆ: ಟ್ಯಾಂಕ್ ಖಾಲಿಯಿದ್ದಾಗ 0 ಓಮ್, ತುಂಬಿದಾಗ 90 ಓಮ್.

(ಆ) ಫೋರ್ಡ್ (1986ರವರೆಗೆ) ಮತ್ತು ಕ್ರೈಸ್ಲರ್ ಸಮೂಹದ ಡಾಡ್ಜ್: ಖಾಲಿಯಿದ್ದಾಗ 73 ಓಮ್, ತುಂಬಿದಾಗ 10 ಓಮ್.

(ಇ) ಫೋರ್ಡ್ (1987ರಿಂದ): ಖಾಲಿಯಿದ್ದಾಗ 16 ಓಮ್, ತುಂಬಿದಾಗ 158 ಓಮ್.

ಎರಡು ಎಚ್ಚರಿಕೆಗಳು ಅಗತ್ಯ. ಕೋಷ್ಟಕಗಳು 1987 ಎಂದು ನಮೂದಿಸಿದರೂ ಫೋರ್ಡಿನ ಎಲ್ಲ ಮಾದರಿಗಳೂ ಏಕಕಾಲಕ್ಕೆ ಬದಲಾದವೆಂದು ಭಾವಿಸಬಾರದು. ಗಡಿಯ ಆಚೀಚಿನ ವಾಹನಗಳಲ್ಲಿ ಕೋಷ್ಟಕಕ್ಕಿಂತ ಅಳತೆಯೇ ಪ್ರಮಾಣ. ಜೊತೆಗೆ, ತಯಾರಿಕೆಯಲ್ಲಿ ಕೆಲವು ಓಮ್‌ಗಳ ಏರುಪೇರು ಸಹಜ. 10ರ ಬದಲು 12 ಬಂದರೆ ಅದನ್ನೇ ದೋಷವೆನ್ನಲಾಗದು.

ಗಮನಾರ್ಹವಾದುದು ಸಂಖ್ಯೆಗಳ ವ್ಯತ್ಯಾಸಕ್ಕಿಂತ ದಿಕ್ಕಿನ ವ್ಯತ್ಯಾಸ. (ಅ) ಮತ್ತು (ಇ) ಶ್ರೇಣಿಗಳಲ್ಲಿ ಇಂಧನ ಹೆಚ್ಚಿದಂತೆ ರೋಧ ಹೆಚ್ಚುತ್ತದೆ. (ಆ) ಶ್ರೇಣಿಯಲ್ಲಿ ಕಡಿಮೆಯಾಗುತ್ತದೆ. ಅಂದರೆ 1986 ಮತ್ತು 1987ರ ನಡುವೆ ಒಂದೇ ಕಂಪನಿಯೊಳಗೆ ದಿಕ್ಕು ತಿರುಗಿದೆ.

4. ಒಂದೇ ಲಕ್ಷಣ, ವಿರುದ್ಧ ಕಾರಣಗಳು

ಟ್ಯಾಂಕ್ ಯೂನಿಟ್‌ಗೆ ಹೋಗುವ ತಂತಿ ಎಲ್ಲಾದರೂ ತುಂಡಾದರೆ ರೋಧ ಅನಂತವಾಗುತ್ತದೆ. ಆಗ (ಅ), (ಇ) ಶ್ರೇಣಿಗಳಲ್ಲಿ ಮುಳ್ಳು ‘ಫುಲ್’ ಗುರುತನ್ನೂ ದಾಟುತ್ತದೆ. (ಆ) ಶ್ರೇಣಿಯಲ್ಲಿ ‘ಎಂಪ್ಟಿ’ಯಲ್ಲೇ ಉಳಿಯುತ್ತದೆ. ಅದೇ ತಂತಿಯ ಹೊದಿಕೆ ಸವೆದು ಚಾಸಿಗೆ ತಗುಲಿದರೆ ಫಲಿತಾಂಶ ಅದಲು ಬದಲಾಗುತ್ತದೆ.

ಆದ್ದರಿಂದ ‘ಮುಳ್ಳು ಸದಾ ಫುಲ್ ತೋರಿಸುತ್ತದೆ’ ಎಂಬ ದೂರು ಷೆವರ್ಲೆ ಚಾಸಿಯಲ್ಲಿ ತುಂಡಾದ ತಂತಿಯ ಕಡೆಗೂ, 1980ರ ಫೋರ್ಡ್ ಚಾಸಿಯಲ್ಲಿ ಚಾಸಿಗೆ ತಗುಲಿದ ತಂತಿಯ ಕಡೆಗೂ ಬೊಟ್ಟು ಮಾಡುತ್ತದೆ. ಒಂದು ವಾಹನಕ್ಕೆ ಸರಿಯಾದ ಸಲಹೆ ಇನ್ನೊಂದಕ್ಕೆ ತದ್ವಿರುದ್ಧವಾಗಲು ಇದು ಮುಖ್ಯ ಕಾರಣವಿರಬಹುದು.

5. ಅರ್ತ್ ದೋಷದ ಪರಿಮಾಣ

ಮೋಟರ್‌ಹೋಮ್‌ಗಳ ಬಾಡಿ ಬಹುಮಟ್ಟಿಗೆ ಮರದ ಚೌಕಟ್ಟು, ಫೈಬರ್‌ಗ್ಲಾಸ್ ಅಥವಾ ಅಲ್ಯುಮಿನಿಯಂ ಹಾಳೆಗಳದು. ಕಾರಿನಲ್ಲಿ ಉಕ್ಕಿನ ಬಾಡಿಯೇ ಮರಳುವ ದಾರಿಯಾದರೆ, ಇಲ್ಲಿ ಆ ಕೆಲಸವನ್ನು ಚಾಸಿಯೂ ಅದಕ್ಕೆ ಬೋಲ್ಟ್ ಮಾಡಿದ ಕೆಲವೇ ತಂತಿಗಳೂ ಮಾಡಬೇಕು. ಟ್ಯಾಂಕಿನ ಬಳಿಯ ಅರ್ತ್ ಬೋಲ್ಟ್ ಚಕ್ರಗಳು ಎರಚುವ ನೀರಿಗೆ ಮೈಯೊಡ್ಡಿರುವುದರಿಂದ ತುಕ್ಕು ಹಿಡಿಯುವ ಸಂಭವ ಹೆಚ್ಚು.

ತುಕ್ಕಿನ ರೋಧ 8 ಓಮ್ ಎಂದೂ, ಟ್ಯಾಂಕ್ ಅರ್ಧ ತುಂಬಿದೆ ಎಂದೂ, ಶ್ರೇಣಿ ಸರಳರೇಖೀಯ ಎಂದೂ ಊಹಿಸಿದರೆ ಲೆಕ್ಕ ಹೀಗಾಗುತ್ತದೆ. (ಅ) ಶ್ರೇಣಿಯಲ್ಲಿ 45 ಓಮ್ 53 ಆಗಿ ಮಾಪಕ ಸುಮಾರು 59% ತೋರಿಸುತ್ತದೆ. (ಆ) ಶ್ರೇಣಿಯಲ್ಲಿ 41.5 ಓಮ್ 49.5 ಆಗಿ ಸುಮಾರು 37%. (ಇ) ಶ್ರೇಣಿಯಲ್ಲಿ 87 ಓಮ್ 95 ಆಗಿ ಸುಮಾರು 56%. ಟ್ಯಾಂಕಿನ ಗಾತ್ರ 40 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 151 ಲೀಟರ್ ಎಂದಿಟ್ಟುಕೊಂಡರೆ ವ್ಯತ್ಯಾಸ ಕ್ರಮವಾಗಿ 13.5 ಲೀಟರ್ ಹೆಚ್ಚು, 19 ಲೀಟರ್ ಕಡಿಮೆ, 8.5 ಲೀಟರ್ ಹೆಚ್ಚು.

ನಿಜವಾದ ಮಾಪಕಗಳೂ ಟ್ಯಾಂಕ್ ಆಕಾರಗಳೂ ಸರಳರೇಖೀಯವಲ್ಲವಾದ್ದರಿಂದ ಈ ಅಂಕಿಗಳನ್ನು ಪ್ರಮಾಣದ ಸೂಚನೆಯೆಂದಷ್ಟೇ ಓದಬೇಕು. ದಿಕ್ಕು ಮಾತ್ರ ಬದಲಾಗದು: ಕೆಟ್ಟ ಅರ್ತ್ ಜನರಲ್ ಮೋಟರ್ಸ್ ಚಾಸಿಯಲ್ಲಿ ಇಲ್ಲದ ಇಂಧನವನ್ನು ತೋರಿಸುತ್ತದೆ, ಹಳೆಯ ಫೋರ್ಡ್ ಮತ್ತು ಡಾಡ್ಜ್‌ಗಳಲ್ಲಿ ಇರುವುದನ್ನು ಮರೆಮಾಡುತ್ತದೆ. ದಾರಿಯಲ್ಲಿ ಇಂಧನ ಮುಗಿದು ನಿಲ್ಲುವ ಅಪಾಯ ಮೊದಲನೆಯದರಲ್ಲಿ ಹೆಚ್ಚು.

ತಂತಿಯ ಉದ್ದವೇ ಕಾರಣವೆಂಬ ಊಹೆಗೆ ಆಧಾರ ದುರ್ಬಲ. ಅಮೆರಿಕನ್ ಅಳತೆಯ 14 ಗೇಜ್ ತಾಮ್ರದ ತಂತಿಯ ರೋಧ 10 ಮೀಟರಿಗೆ ಸುಮಾರು 0.083 ಓಮ್ ಮಾತ್ರ. ಹಲವು ಓಮ್‌ಗಳ ದೋಷವನ್ನು ಕೂಡುಗಳಲ್ಲಿ ಹುಡುಕಬೇಕು.

6. ವೋಲ್ಟೇಜ್ ರೆಗ್ಯುಲೇಟರ್

(ಆ) ಶ್ರೇಣಿಯ ಮಾಪಕಗಳು ಶಾಖದಿಂದ ಬಾಗುವ ದ್ವಿಲೋಹ ಪಟ್ಟಿಯವು. ವೋಲ್ಟೇಜಿನ ಏರಿಳಿತ ಮುಳ್ಳನ್ನು ತಟ್ಟದಿರಲೆಂದು ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟ ರೆಗ್ಯುಲೇಟರ್ ಇರುತ್ತದೆ. ಕೆಲವು ಕ್ರೈಸ್ಲರ್ ವಿನ್ಯಾಸಗಳಲ್ಲಿ ಅದು ಮಾಪಕದೊಳಗೇ ಅಡಕವಾಗಿದೆ. ಅದು ಪೂರೈಕೆಯನ್ನು ಮತ್ತೆ ಮತ್ತೆ ಕಡಿದು ಜೋಡಿಸಿ ಸರಾಸರಿ ಸುಮಾರು 5 ವೋಲ್ಟ್ ಒದಗಿಸುತ್ತದೆ. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಕುಣಿದರೆ ಅದು ದೋಷವಲ್ಲ, ಕಾರ್ಯವಿಧಾನವೇ ಅಂಥದು.

ಇದೇ ರೆಗ್ಯುಲೇಟರ್ ಸಾಮಾನ್ಯವಾಗಿ ಎಂಜಿನ್ ಉಷ್ಣತೆಯ ಮಾಪಕಕ್ಕೂ ವಿದ್ಯುತ್ ಕೊಡುತ್ತದೆ. ಎಲ್ಲ ಮುಳ್ಳುಗಳೂ ಒಟ್ಟಿಗೆ ಮೇಲೇರಿದರೆ ಅದರ ಸಂಪರ್ಕ ಬಿಂದು ಅಂಟಿಕೊಂಡಿರಬಹುದು, ಇಲ್ಲವೇ ಅದರ ಕವಚ ಅರ್ತ್ ಕಳೆದುಕೊಂಡಿರಬಹುದು. ಎರಡೂ ಸಂದರ್ಭಗಳಲ್ಲಿ ಪೂರ್ಣ 12 ವೋಲ್ಟ್ ಮಾಪಕಗಳಿಗೆ ಹರಿಯುವುದರಿಂದ ತಡಮಾಡದೆ ಇಗ್ನಿಷನ್ ಆರಿಸಬೇಕು. ಇಂಧನದ ಮುಳ್ಳೊಂದೇ ತಪ್ಪಿದ್ದರೆ ರೆಗ್ಯುಲೇಟರ್ ಕಾರಣವಾಗುವ ಸಂಭವ ಕಡಿಮೆ.

ಜನರಲ್ ಮೋಟರ್ಸ್ ಮಾಪಕದಲ್ಲಿ ಎರಡು ಸುರುಳಿಗಳ ಕಾಂತಬಲಗಳ ಅನುಪಾತ ಮುಳ್ಳನ್ನು ನಿಲ್ಲಿಸುತ್ತದೆ. ಅಲ್ಲಿ ಈ ರೆಗ್ಯುಲೇಟರ್ ಇರುವುದಿಲ್ಲ. ಅದನ್ನು ಹುಡುಕುತ್ತ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಿಲ್ಲ.

7. ತನಿಖೆಯ ಕ್ರಮ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ವಾಹನದ ಅಡಿಯಲ್ಲೇ ಶೇಖರವಾಗುತ್ತದೆ. ಅಡುಗೆ ಗ್ಯಾಸಿನ ಫ್ರಿಜ್, ನೀರು ಕಾಯಿಸುವ ಬರ್ನರ್ ಮತ್ತು ಜನರೇಟರುಗಳನ್ನು ಆರಿಸದೆ ಟ್ಯಾಂಕಿನ ಬಳಿ ಕೆಲಸ ಆರಂಭಿಸಕೂಡದು.

7.1. ಚಾಸಿಯ ಇಸವಿ ಗುರುತಿಸಿ ಶ್ರೇಣಿಯನ್ನು ತಾತ್ಕಾಲಿಕವಾಗಿ ನಿರ್ಧರಿಸುವುದು.

7.2. ಹೆಡ್‌ಲೈಟ್, ಟೇಲ್‌ಲೈಟ್ ಹಾಕಿ ಆರಿಸಿ ನೋಡುವುದು. ಇಂಧನದ ಮುಳ್ಳು ಆಗ ಕದಲಿದರೆ ದೀಪಗಳೂ ಟ್ಯಾಂಕ್ ಯೂನಿಟೂ ಒಂದೇ ದುರ್ಬಲ ಅರ್ತ್ ಹಂಚಿಕೊಂಡಿರುವ ಸಾಧ್ಯತೆ ಬಲವಾಗುತ್ತದೆ. ಎರಡು ಟ್ಯಾಂಕ್‌ಗಳಿದ್ದು, ಸ್ವಿಚ್ ಮೂಲಕ ಒಂದೇ ಮಾಪಕ ಎರಡನ್ನೂ ತೋರಿಸುವ ವಾಹನದಲ್ಲಿ ಒಂದು ಟ್ಯಾಂಕಿನದು ಮಾತ್ರ ತಪ್ಪಿದ್ದರೆ ಮಾಪಕವನ್ನು ಸಂಶಯದಿಂದ ಬಿಡಬಹುದು.

7.3. ಟ್ಯಾಂಕಿನ ಬಳಿ ತಂತಿ ಕಳಚಿ, ಅದಕ್ಕೂ ಚಾಸಿಗೂ ನಡುವೆ ತಿಳಿದ ರೋಧವನ್ನು ಇಡುವುದು. ಮಾರುಕಟ್ಟೆಯ ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಸಾಕು: 68 ಮತ್ತು 22 ಸೇರಿ 90, 68 ಮತ್ತು 4.7 ಸೇರಿ 72.7, 150 ಮತ್ತು 8.2 ಸೇರಿ 158.2, 15 ಮತ್ತು 1 ಸೇರಿ 16. ಇವು 5 ವಾಟ್‌ನವಾದರೆ ಲೇಸು. (ಆ) ಶ್ರೇಣಿಯ ತಂತಿಯನ್ನು ನೇರವಾಗಿ ಚಾಸಿಗೆ ಮುಟ್ಟಿಸಿ ಹಿಡಿಯುವುದು ಸರಿಯಲ್ಲ, ಮಾಪಕದ ತಾಪಕ ಸುರುಳಿ ಹಾಳಾಗಬಹುದು. 10 ಓಮ್ ರೆಸಿಸ್ಟರ್ ಬಳಸಬೇಕು. ದ್ವಿಲೋಹ ಮಾಪಕದ ಮುಳ್ಳು ನಿಧಾನವಾಗಿ ಏರುವುದರಿಂದ ಒಂದು ನಿಮಿಷವಾದರೂ ಕಾಯಬೇಕು.

7.4. ಮುಳ್ಳು ನಿರೀಕ್ಷಿತ ಸ್ಥಾನಕ್ಕೆ ಬಂದರೆ ಮಾಪಕ ಮತ್ತು ತಂತಿ ಸರಿಯಿವೆ. ಕಳಚಿದ ಸ್ಥಿತಿಯಲ್ಲೇ ಯೂನಿಟಿನ ರೋಧವನ್ನು ಅದರ ಲೋಹದ ಅಂಚಿಗೊಮ್ಮೆ, ಬ್ಯಾಟರಿಯ ಋಣ ಧ್ರುವಕ್ಕೊಮ್ಮೆ ಅಳೆಯಬೇಕು. ಎರಡರ ಅಂತರವೇ ಅರ್ತ್ ದಾರಿಯ ರೋಧ. ಉದ್ದ ತಂತಿ ಬಳಸಿದ್ದರೆ ಅದರ ರೋಧವನ್ನು ಕಳೆಯಬೇಕು.

7.5. ಯೂನಿಟಿನಲ್ಲಿ ಹರಿಯುವ ಪ್ರವಾಹ ಅಲ್ಪವಾದ್ದರಿಂದ ಅರ್ತಿನ ಖಚಿತ ಪರೀಕ್ಷೆಗೆ ಬೇರೆ ಹೊರೆ ಬೇಕು. 12 ವೋಲ್ಟಿನ 21 ವಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಇರುವ ತಂತಿಯಿಂದ ಅದನ್ನು ಉರಿಸಿ, ಟ್ಯಾಂಕಿನಿಂದ ದೂರದಲ್ಲಿ, ಅದೇ ಅರ್ತ್ ಬಿಂದುವಿನ ಮೂಲಕ ಮರಳಿಸಿದಾಗ ಆ ಬಿಂದುವಿಗೂ ಬ್ಯಾಟರಿಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಬಂದರೆ ಕೂಡು ಶುದ್ಧವಿಲ್ಲ.

8. ಟ್ಯಾಂಕಿನೊಳಗಿನ ಕಾರಣಗಳು

ಮೇಲಿನವು ಸರಿಯಿದ್ದರೆ ಉಳಿಯುವುದು ಯೂನಿಟ್: ಒಳಗೆ ಪೆಟ್ರೋಲ್ ತುಂಬಿ ಮುಳುಗಿದ ಫ್ಲೋಟ್, ಸವೆದ ರೋಧ ತಂತಿ, ಕಪ್ಪಾದ ಸಂಪರ್ಕ ಬಿಂದು. ಇಂಧನವೇ ಕಾರಣವಾಗುವುದೂ ಉಂಟು. 2004ರ ಮೇ ತಿಂಗಳಲ್ಲಿ ಅಮೆರಿಕದ ಲೂಸಿಯಾನಾ ಮತ್ತು ಫ್ಲಾರಿಡಾಗಳಲ್ಲಿ ಮಾರಾಟವಾದ ಗಂಧಕ ಬೆರೆತ ಪೆಟ್ರೋಲ್ ಯೂನಿಟ್‌ಗಳ ಬೆಳ್ಳಿಯ ಸಂಪರ್ಕ ಬಿಂದುಗಳನ್ನು ಕೆಡಿಸಿ ಮಾಪಕಗಳನ್ನು ತಪ್ಪುದಾರಿಗೆಳೆದಿತ್ತು.

ಸ್ವತಂತ್ರವಾದ ಒಂದು ಹೋಲಿಕೆ ಬಿಂದು ಇಲ್ಲಿ ಉಪಯುಕ್ತ. ಹಲವು ಮೋಟರ್‌ಹೋಮ್‌ಗಳಲ್ಲಿ ಜನರೇಟರಿನ ಹೀರುಕೊಳವೆ ಎಂಜಿನ್ನಿನದಕ್ಕಿಂತ ಗಿಡ್ಡ. ಟ್ಯಾಂಕ್ ಕಾಲುಭಾಗದ ಸುಮಾರಿಗೆ ಇಳಿದಾಗ ಜನರೇಟರ್ ನಿಲ್ಲುತ್ತದೆ, ಎಂಜಿನ್ ಓಡುತ್ತಲೇ ಇರುತ್ತದೆ. ಆ ಕ್ಷಣದಲ್ಲಿ ಮುಳ್ಳು ಅರ್ಧದಲ್ಲಿದ್ದರೆ ಮಾಪಕದ ಬಗ್ಗೆ ಸಂಶಯಪಡಲು ಆಧಾರವಿದೆ. ಕೊಳವೆಯ ಎತ್ತರ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಇದನ್ನು ಅಂದಾಜಿಗೆ ಮಾತ್ರ ಬಳಸಬೇಕು.

9. ನಿರ್ಣಯಗಳು

(1) ದೋಷದ ದಿಕ್ಕನ್ನು ಚಾಸಿಯ ತಯಾರಕ ಮತ್ತು ಇಸವಿ ನಿರ್ಧರಿಸುತ್ತವೆ. ನೋಂದಣಿಯ ಇಸವಿ ಸಾಕಾದ ಆಧಾರವಲ್ಲ. (2) ಒಂದೇ ಅರ್ತ್ ದೋಷ ಚಾಸಿಗನುಗುಣವಾಗಿ ಹೆಚ್ಚನ್ನೂ ಕಡಿಮೆಯನ್ನೂ ತೋರಿಸಬಲ್ಲದು. (3) ತಿಳಿದ ರೋಧದ ಪರೀಕ್ಷೆ ಟ್ಯಾಂಕ್ ಇಳಿಸದೆಯೇ ಮಾಪಕವನ್ನೂ ಯೂನಿಟನ್ನೂ ಬೇರ್ಪಡಿಸಿ ತೋರಿಸುತ್ತದೆ; ಆದ್ದರಿಂದ ಟ್ಯಾಂಕ್ ಇಳಿಸುವ ಶ್ರಮದಾಯಕ, ಅಪಾಯಕರ ಕೆಲಸ ಕೊನೆಯದಾಗಿರಬೇಕು. ಈ ನಿರ್ಣಯಗಳು ಮೂಲ ಬಿಡಿಭಾಗಗಳನ್ನೇ ಉಳಿಸಿಕೊಂಡ ವಾಹನಗಳಿಗೆ ಅನ್ವಯಿಸುತ್ತವೆ. ಹಿಂದಿನ ಮಾಲೀಕರು ಮಾಪಕವನ್ನೋ ಯೂನಿಟನ್ನೋ ಬದಲಿಸಿದ್ದರೆ ಎರಡೂ ತುದಿಗಳ ಶ್ರೇಣಿಯನ್ನು ಪ್ರತ್ಯೇಕವಾಗಿ ಅಳೆದು, ಇಸವಿಯೊಂದಿಗೆ ವಾಹನದ ದಾಖಲೆಯಲ್ಲಿ ಬರೆದಿಡುವುದು ಯುಕ್ತ.